ರಜೆಯ ಲೆಕ್ಕ ಕೇಳುವವರಿಗೆ

ಮೇ ತಿಂಗಳ ನಡು ದಾಟಿತೆಂದರೆ ನಮ್ಮ ಮನೆಗಳಲ್ಲಿ ಒಂದು ವಿಚಾರಣೆ ಶುರುವಾಗುತ್ತದೆ. ಆರೋಪಿಯ ಜಾಗದಲ್ಲಿ ಹತ್ತು ವರ್ಷದ ಹುಡುಗನೋ ಹನ್ನೆರಡರ ಹುಡುಗಿಯೋ ಇರುತ್ತಾರೆ. ಪ್ರಶ್ನೆ ಕೇಳುವವರು ಪಕ್ಕದ ಮನೆಯ ಆಂಟಿ, ಮದುವೆ ಛತ್ರದಲ್ಲಿ ಸಿಕ್ಕ ಚಿಕ್ಕಪ್ಪ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಜೊತೆಯಾದ ಯಾರೋ ಒಬ್ಬರು. 'ಏನು ಪುಟ್ಟಾ, ರಜೆಯಲ್ಲಿ ಏನು ಕಲಿತೆ?' ಅಬ್ಯಾಕಸ್, ವೇದಗಣಿತ, ಕೀಬೋರ್ಡು, ಕೋಡಿಂಗು, ಕೈಬರಹ ತರಗತಿ ಇವುಗಳಲ್ಲಿ ಯಾವುದಾದರೊಂದು ಹೆಸರು ಬಾಯಿಂದ ಬಿದ್ದರೆ ಖುಲಾಸೆ. 'ಏನೂ ಇಲ್ಲ, ಅಜ್ಜಿ ಊರಿಗೆ ಹೋಗಿದ್ದೆ, ಆಮೇಲೆ ಇಲ್ಲೇ ಆಡ್ಕೊಂಡಿದ್ದೆ' ಎಂದಿತೋ, ಮಗುವಿಗಿಂತ ಮೊದಲು ತಾಯಿಯ ಮುಖ ಸಣ್ಣದಾಗುತ್ತದೆ. 'ಪರವಾಗಿಲ್ಲ ಬಿಡಿ, ಇನ್ನೂ ಹದಿನೈದು ದಿನ ಇದೆಯಲ್ಲ, ಯಾವುದಾದರೂ ಕ್ರ್ಯಾಶ್ ಕೋರ್ಸಿಗೆ ಹಾಕಿ' ಎಂಬ ಸಮಾಧಾನದೊಂದಿಗೆ ತೀರ್ಪು ಹೊರಬೀಳುತ್ತದೆ.

ದೊಡ್ಡವರ ವಿಚಾರಣೆ ಬೇರೆಯೇ ಇದೆ. 'ಈ ಸಲ ಎಲ್ಲಿಗೆ ಹೋಗಿದ್ರಿ?' ಮನಾಲಿ, ದುಬೈ, ಬ್ಯಾಂಕಾಕ್ ಎಂದರೆ ಮಾತು ಮುಂದುವರಿಯುತ್ತದೆ. ಕೊಡಗಿನ ರೆಸಾರ್ಟಾದರೂ ನಡೆದೀತು. 'ಒಂದು ದಿನ ಮೃಗಾಲಯಕ್ಕೆ ಹೋಗಿದ್ವಿ, ಇನ್ನೊಂದು ದಿನ ಕೆರೆ ಏರಿ ಮೇಲೆ ಕೂತು ಚುರುಮುರಿ ತಿಂದು ಬಂದ್ವಿ' ಎಂದರೆ ಕೇಳಿದವರು 'ಓ, ಈ ಸಲ ಎಲ್ಲೂ ಹೋಗಲಿಲ್ಲ ಅನ್ನಿ' ಎಂದು ಷರಾ ಬರೆದು ಮುಗಿಸುತ್ತಾರೆ.

ಎರಡೂ ಪ್ರಶ್ನೆಗಳ ಬೇರು ಒಂದೇ. ರಜೆ ಎಂದರೆ ಹೂಡಿಕೆ, ಹೂಡಿದ್ದಕ್ಕೆ ಆದಾಯ ಬರಬೇಕು, ಬಂದ ಆದಾಯವನ್ನು ನಾಲ್ಕು ಜನಕ್ಕೆ ತೋರಿಸುವಂತಿರಬೇಕು. ಮಕ್ಕಳಾದರೆ ಪ್ರಮಾಣಪತ್ರ, ದೊಡ್ಡವರಾದರೆ ಫೋಟೊ. ತೋರಿಸಲು ಏನೂ ಉಳಿಯದ ರಜೆ ದಂಡ. ಈ ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ ಅದನ್ನೀಗ ಜವಾಬ್ದಾರಿಯುಳ್ಳ ತಂದೆತಾಯಿಯರ ಲಕ್ಷಣ ಎಂದೇ ಕರೆಯುತ್ತಾರೆ. ಈ ಲಕ್ಷಣವನ್ನು ನಾನು ಒಪ್ಪುವುದಿಲ್ಲ. ಬೇಸಿಗೆ ರಜೆಯ ಕೊನೆಯ ದಿನಗಳನ್ನು ಮುಂದಿನ ತರಗತಿಗೆ ಮುಂಗಡವಾಗಿ ಕಟ್ಟುವುದು ತಪ್ಪು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹತ್ತಿರದ ಜಾಗಕ್ಕೆ ಹೋಗಿ ಸಂಜೆಗೆ ಮರಳುವ ತಿರುಗಾಟವನ್ನು ಪ್ರವಾಸದ ಲೆಕ್ಕಕ್ಕೆ ಸೇರಿಸದಿರುವುದು ಇನ್ನೊಂದು ತಪ್ಪು. ಆ ದಿನಗಳು ಮನೆಯವು. ಅವುಗಳಿಗೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಆದರೂ ಲೆಕ್ಕ ಕೇಳುವವರಿಗೆ ಅರ್ಥವಾಗುವ ಭಾಷೆ ಅದೊಂದೇ ಆದ್ದರಿಂದ ಒಮ್ಮೆ ದಿನಗಳ ಲೆಕ್ಕವನ್ನೇ ಹಾಕೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು ಎನ್ನುತ್ತದೆ. ಮಗುವಿನ ವರ್ಷದಲ್ಲಿ ಶಾಲೆಗೆ ಸಲ್ಲಬೇಕಾದ ಪಾಲು ಇದು. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 2024ರಲ್ಲೂ 2025ರಲ್ಲೂ ಬೇಸಿಗೆ ರಜೆ ಇದ್ದದ್ದು ಏಪ್ರಿಲ್ 11ರಿಂದ ಮೇ 28ರವರೆಗೆ. ಏಳು ವಾರಕ್ಕೆ ಒಂದು ದಿನ ಕಡಿಮೆ. ಅದರಲ್ಲಿ ಮೊದಲ ವಾರ ಪರೀಕ್ಷೆಯ ದಣಿವು ಇಳಿಯುವುದಕ್ಕೇ ಹೋಗುತ್ತದೆ. ಆಮೇಲೆ ಮದುವೆ, ಮುಂಜಿ, ಗೃಹಪ್ರವೇಶ, ಊರ ಜಾತ್ರೆ, ಅಜ್ಜಿಯ ಮನೆ. ಹಾಗೆ ಹೀಗೆ ಎನ್ನುವಷ್ಟರಲ್ಲಿ ಏಪ್ರಿಲ್ ಮುಗಿದು ಮೇ ಅರ್ಧವಾಗಿರುತ್ತದೆ. ಅಪ್ಪ, ಅಮ್ಮ, ಮಕ್ಕಳು, ಮನೆಯ ಹಿರಿಯರು ಒಂದೇ ಸೂರಿನಡಿ, ಬೇರೆ ಯಾರ ಕಾರ್ಯಕ್ರಮಕ್ಕೂ ಹೊರಡಬೇಕಿಲ್ಲದೆ ಕೈಗೆ ಸಿಗುವ ದಿನಗಳು ಆಮೇಲಿನ ಎರಡು ವಾರ ಮಾತ್ರ. ಬ್ರಿಡ್ಜ್ ಕೋರ್ಸಿನವರು ಕಣ್ಣಿಟ್ಟಿರುವುದೂ ಈ ಎರಡು ವಾರಗಳ ಮೇಲೇ.

ಹೊರಗೆ ಹೋಗುವುದಕ್ಕೆ ಹೇಳಿ ಮಾಡಿಸಿದ ದಿನಗಳೂ ಅವೇ. ಏಪ್ರಿಲ್‌ನಲ್ಲಿ ಬಯಲುಸೀಮೆಯವರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋದಾರು? ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಬಿಸಿಲಿನ ಕಾರಣಕ್ಕೆ ಸರ್ಕಾರ ತನ್ನ ಕಚೇರಿಗಳನ್ನೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತ ಬಂದಿದೆ. ಮೇ ಎರಡನೇ ವಾರ ಕೃತ್ತಿಕಾ ಮಳೆ ಕಾಲಿಡುತ್ತದೆ, ಕೊನೆಯ ವಾರ ರೋಹಿಣಿ. ಕೃಪೆ ತೋರಿದ ವರ್ಷ ನಾಲ್ಕು ಹನಿ ಬಿದ್ದು ದೂಳು ಅಡಗುತ್ತದೆ, ಸಂಜೆಗಳು ತಂಪಾಗುತ್ತವೆ, ಹೊಲದಲ್ಲಿ ಕುಂಟೆ ಆಡುತ್ತಿರುತ್ತದೆ. ಮಾವು ಏಪ್ರಿಲ್‌ನ ಹುಳಿಯನ್ನೂ ಮೊದಲ ಬುಟ್ಟಿಗಳ ಬೆಲೆಯನ್ನೂ ಕಳೆದುಕೊಂಡು ಮಧ್ಯಮ ವರ್ಗದ ಕೈಗೆಟುಕುವುದು ಆಗಲೇ. ಲಾಲ್‌ಬಾಗಿನಲ್ಲಿ ಮಾವು ಮೇಳದ ಮಳಿಗೆಗಳು ಏಳುವ ಹೊತ್ತೂ ಹೆಚ್ಚುಕಡಿಮೆ ಅದೇ. ಕಡಲ ತೀರದಲ್ಲಿ ಜೂನ್ 1ರಿಂದ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬಂದರುಗಳು ಗಲಗಲ ಎನ್ನುವ ಕೊನೆಯ ದಿನಗಳನ್ನು ಮಕ್ಕಳು ನೋಡಬೇಕಾದರೆ ಮೇ ಮುಗಿಯುವುದರೊಳಗೆ ಹೋಗಬೇಕು. ವರ್ಷದ ಇಂಥ ಹದಿನೈದು ದಿನ ಮಕ್ಕಳನ್ನು ಕೋಣೆಯೊಳಗೆ ಕೂರಿಸಿ, ಜೂನ್‌ನಲ್ಲಿ ಶಾಲೆ ಕಲಿಸಲಿರುವ ಮೊದಲ ಪಾಠವನ್ನು ಮೇ ತಿಂಗಳಲ್ಲೇ ಕಲಿಸುವುದಕ್ಕೆ ಜಾಣತನ ಎನ್ನುತ್ತಾರೆ.

'ಕಲಿತದ್ದೆಲ್ಲ ಮರೆತುಹೋಗುತ್ತದಲ್ಲ?' ಎಂಬುದು ಎದುರಾಳಿಗಳ ದೊಡ್ಡ ಬಾಣ. ಇದನ್ನು ನಕ್ಕು ತಳ್ಳಿಹಾಕುವುದಿಲ್ಲ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಮೆರಿಕದ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿ, ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ ಎಂದರು. ಓದಿಗಿಂತ ಗಣಿತದಲ್ಲಿ ಮರೆವು ಹೆಚ್ಚು ಎಂದೂ ಹೇಳಿದರು. ನಮ್ಮಲ್ಲಿ ಶಿಬಿರಗಳ ಕರಪತ್ರಕ್ಕೆ ಬಂದು ಸೇರಿರುವ 'ಸಂಶೋಧನೆಗಳು ಹೇಳುತ್ತವೆ' ಎಂಬ ಸಾಲಿನ ಹಿಂದೆ ಇರುವುದು ಇಂಥ ಅಧ್ಯಯನಗಳು. ಅಲ್ಲಿನ ರಜೆ ಹತ್ತು ವಾರ ದಾಟುತ್ತದೆ, ನಮ್ಮದು ಏಳು ವಾರಕ್ಕೂ ಕಡಿಮೆ ಎಂಬುದನ್ನು ಕರಪತ್ರ ಹೇಳುವುದಿಲ್ಲ. ಅದೇ ಅಮೆರಿಕದಲ್ಲಿ ಪಾಲ್ ವಾನ್ ಹಿಪ್ಪೆಲ್ ಅವರಂಥ ಸಂಶೋಧಕರು ಆ ಹಳೆಯ ಅಳತೆಗಳನ್ನೇ ಮತ್ತೆ ಪರೀಕ್ಷಿಸಿ ಸಂದೇಹ ಎತ್ತಿದ್ದಾರೆ ಎಂಬುದನ್ನೂ ಹೇಳುವುದಿಲ್ಲ. ಮರೆವು ಇದೆ ಎಂದೇ ಇಟ್ಟುಕೊಳ್ಳಿ. ಕರ್ನಾಟಕದ ಶಾಲೆಗಳಲ್ಲಿ ವರ್ಷದ ಆರಂಭದ ದಿನಗಳನ್ನು 'ಸೇತುಬಂಧ'ಕ್ಕೆಂದು ಮೀಸಲಿಟ್ಟಿರುತ್ತಾರೆ. ಹಿಂದಿನ ತರಗತಿಯದ್ದು ಎಷ್ಟು ಉಳಿದಿದೆ ಎಂದು ಪರೀಕ್ಷಿಸಿ, ಬಿಟ್ಟುಹೋದದ್ದನ್ನು ಕಲಿಸಿ, ಆಮೇಲೆ ಹೊಸ ಪಾಠಕ್ಕೆ ಹೋಗುವ ಏರ್ಪಾಡು ಅದು. ಮಕ್ಕಳು ಮರೆಯುತ್ತಾರೆ ಎಂಬುದು ಶಾಲೆಗೂ ಗೊತ್ತು, ಅದಕ್ಕೆ ಸಮಯವನ್ನೂ ಅದು ಇಟ್ಟುಕೊಂಡಿದೆ. ಶಾಲೆ ತನ್ನ ಸಮಯದಲ್ಲಿ ಮಾಡುವ ಕೆಲಸವನ್ನು ನಾವು ನಮ್ಮ ಸಮಯ, ನಮ್ಮ ದುಡ್ಡು ಸುರಿದು ಮೊದಲೇ ಮುಗಿಸಿಕೊಡಬೇಕು ಎನ್ನುವುದು ಯಾವ ಊರಿನ ನ್ಯಾಯ?

ಇಲ್ಲಿ ನನ್ನ ಪಕ್ಷದವರ ಜೊತೆಗೂ ಒಂದು ಜಗಳವಿದೆ. ಆಟ, ತಿರುಗಾಟಗಳ ಪರ ಮಾತನಾಡುವ ಬಹಳಷ್ಟು ಮಂದಿ ಹಿಡಿಯುವ ದಾರಿ ಹೀಗೆ: ಆಡುವ ಮಕ್ಕಳ ಬುದ್ಧಿ ಚುರುಕಾಗುತ್ತದೆ, ಹೊರಗೆ ಸುತ್ತಿದವರ ಏಕಾಗ್ರತೆ ಹೆಚ್ಚುತ್ತದೆ, ಕಾಡು ಕಂಡ ಮಗು ವಿಜ್ಞಾನದಲ್ಲಿ ಮುಂದೆ ಬರುತ್ತದೆ. ಇದೆಲ್ಲ ನಿಜವಿರಬಹುದು. ಆದರೆ ಈ ವಾದದಿಂದ ಗೆದ್ದರೂ ಸೋಲು ನಮ್ಮದೇ. ಆಟ ಬೇಕಾಗಿರುವುದು ಅಂಕಕ್ಕಾಗಿ ಎಂದು ಒಪ್ಪಿಕೊಂಡ ಕೂಡಲೇ, ಅಬ್ಯಾಕಸ್‌ನಿಂದ ಇನ್ನೆರಡು ಅಂಕ ಹೆಚ್ಚು ಬರುತ್ತದೆ ಎಂದು ಯಾರಾದರೂ ತೋರಿಸಿದ ದಿನ ಆಟದ ಕಥೆ ಮುಗಿಯಿತು. ಮಗು ಕೆರೆಗೆ ಕಲ್ಲೆಸೆಯುವುದನ್ನು ಭೌತವಿಜ್ಞಾನದ ಪೂರ್ವಸಿದ್ಧತೆ ಎಂದು ಸಮರ್ಥಿಸುವ ಗತಿ ಬರಬಾರದು. ಎಸೆಯಬೇಕು ಅನ್ನಿಸಿತು, ಎಸೆಯಿತು. ಕಲ್ಲು ಮೂರು ಸಲ ಪುಟಿಯಿತು, ಅಪ್ಪನದ್ದು ಎರಡೇ ಸಲ. ಅಷ್ಟು ಸಾಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ, ಮನರಂಜನೆಗಳನ್ನು ಮಗುವಿನ ಹಕ್ಕು ಎಂದು ಮಾನ್ಯ ಮಾಡಿದೆ. 1992ರಲ್ಲಿ ಭಾರತವೂ ಅದಕ್ಕೆ ಬದ್ಧವಾಯಿತು. ಇದರಿಂದ ಮುಂದೆ ಏನು ಪ್ರಯೋಜನ ಎಂದು ಹಕ್ಕಿನ ವಿಷಯದಲ್ಲಿ ಯಾರೂ ಕೇಳುವುದಿಲ್ಲ.

ಈ ಮಾತು ನಮಗೆ ಹೊರಗಿನಿಂದ ಬರಬೇಕಾಗಿಯೂ ಇರಲಿಲ್ಲ. ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ ಮೂರು ಸಂಪುಟಗಳ ವಿಶ್ವಕೋಶವನ್ನು 1930ರ ದಶಕದಲ್ಲೇ ಬರೆದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನೂ ಕಟ್ಟಿದರು. ಮಕ್ಕಳಿಗೆ ತಿಳಿವಳಿಕೆ ತುಂಬಬೇಕೆಂಬ ಹಂಬಲದಲ್ಲಿ ಅವರನ್ನು ಮೀರಿಸುವ ಕನ್ನಡಿಗರು ಕಡಿಮೆ. ಆದರೂ ಪುಸ್ತಕ ಕೊಟ್ಟಾಯಿತು, ಕೆಲಸ ಮುಗಿಯಿತು ಎಂದು ಅವರಿಗೆ ಅನ್ನಿಸಲಿಲ್ಲ. ಆಡುವ, ಕುಣಿಯುವ ಜಾಗವೂ ಬೇಕು ಅನ್ನಿಸಿತು. ಬಿ.ವಿ. ಕಾರಂತರು ರವೀಂದ್ರನಾಥ ಟ್ಯಾಗೋರರ ಗಿಳಿಯ ಕಥೆಯನ್ನು 'ಪಂಜರಶಾಲೆ' ನಾಟಕವಾಗಿಸಿ ಮಕ್ಕಳಿಂದಲೇ ಆಡಿಸಿದರು. ವಿದ್ಯೆ ಕಲಿಸುವ ಭರಾಟೆಯಲ್ಲಿ ಎಲ್ಲರೂ ಗಿಳಿಯನ್ನೇ ಮರೆಯುವ ಕಥೆ ಅದು. ಮೈಸೂರಿನ ಆರ್.ಕೆ. ನಾರಾಯಣ್ 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಮೇಲೆ ತಮ್ಮ ಮೊದಲ ಭಾಷಣಕ್ಕೆ ಆರಿಸಿಕೊಂಡದ್ದು ಮಕ್ಕಳ ಬೆನ್ನ ಮೇಲಿನ ಶಾಲಾ ಚೀಲವನ್ನು, ಮನೆಪಾಠಗಳ ನಡುವೆ ಅವರಿಗೆ ಆಟಕ್ಕೆ ಹೊತ್ತೇ ಉಳಿಯದ ಸ್ಥಿತಿಯನ್ನು. ಆಮೇಲೆ ಬಂದ ಯಶ್‌ಪಾಲ್ ಸಮಿತಿ 1993ರ ವರದಿಯಲ್ಲಿ, ಚೀಲದ ತೂಕಕ್ಕಿಂತ ಅರ್ಥವಾಗದೆ ಕಲಿಯುವುದೇ ದೊಡ್ಡ ಹೊರೆ ಎಂದಿತು. ಮೂವತ್ತು ವರ್ಷಗಳ ಮೇಲಾಯಿತು. ಚೀಲ ರಜೆಗೂ ಬಂದು ಕೂತಿದೆ.

ಶಿಬಿರಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥದ್ದು ಹುಟ್ಟಿದ್ದೇ ಮಕ್ಕಳು ಬೇಕಾದಷ್ಟು ಗಲಾಟೆ ಮಾಡಲಿ ಎಂಬ ಧೈರ್ಯದಿಂದ. ಇಬ್ಬರೂ ದುಡಿಯುವ ಮನೆಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಗುವನ್ನು ನೋಡಿಕೊಳ್ಳುವವರು ಬೇಕು. ಅಜ್ಜ ಅಜ್ಜಿ ಊರಲ್ಲಿದ್ದಾರೆ, ಕಚೇರಿಯಲ್ಲಿ ರಜೆ ಸಿಗುವುದಿಲ್ಲ. ಅಂಥ ತಾಯಿ ಮಗುವನ್ನು ಶಿಬಿರಕ್ಕೆ ಕಳಿಸಿದರೆ ಅದರಲ್ಲಿ ತಪ್ಪು ಹುಡುಕುವ ಹಕ್ಕು ಯಾರಿಗೂ ಇಲ್ಲ. ಆಕೆಗೆ ಬೇಕಿರುವುದು ಮಗುವನ್ನು ಕಾಯ್ದುಕೊಳ್ಳುವ ನಂಬಿಕಸ್ಥ ಜಾಗ. ಆದರೆ ಮಾರುವವರು ಅಷ್ಟಕ್ಕೆ ನಿಲ್ಲಿಸುವುದಿಲ್ಲ. 'ನಿಮ್ಮ ಮಗು ಹಿಂದೆ ಬಿದ್ದೀತು ಜೋಕೆ' ಎಂಬ ಹೆದರಿಕೆಯನ್ನೂ ಸೇರಿಸಿ ಮಾರುತ್ತಾರೆ. ಆಕೆಯ ಅಗತ್ಯಕ್ಕೆ ಕೊಡುವ ದುಡ್ಡು ಒಂದಾದರೆ, ಆಕೆಯ ಅಳುಕಿಗೆ ಕೊಡಿಸುವ ದುಡ್ಡು ಇನ್ನೊಂದು. ನನ್ನ ತಕರಾರು ಎರಡನೆಯದರ ಮೇಲೆ. ವಾರದ ಐದು ದಿನ ಶಿಬಿರಕ್ಕೆ ಹೋಗುವ ಮಗುವಿಗೂ ಭಾನುವಾರ ಇರುತ್ತದೆ. ಆ ಭಾನುವಾರಕ್ಕೂ ಡೆಮೊ ಕ್ಲಾಸ್ ಇಟ್ಟುಕೊಳ್ಳುವವರನ್ನು ಬಾಗಿಲಲ್ಲೇ ತಡೆಯಿರಿ ಎನ್ನುತ್ತಿದ್ದೇನೆ.

ಇನ್ನು 'ಎಲ್ಲಿಗೆ ಹೋಗಿದ್ರಿ' ಎಂದು ಕೇಳುವವರ ಕಡೆಗೆ ಬರುತ್ತೇನೆ. ಮೇ ಕೊನೆಯ ಒಂದು ಬೆಳಗ್ಗೆ ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕಂಡದ್ದನ್ನು ಹೇಳಬೇಕು. ಹಳ್ಳಿಯಿಂದ ಬಂದ ಒಂದು ಕುಟುಂಬ. ಅಜ್ಜಿ, ಸೊಸೆ, ಮೂರು ಮಕ್ಕಳು, ಹಿಂದೆ ಚೀಲ ಹೊತ್ತ ಮಗ. ಗೋಪುರದೊಳಗಿನ ಕಡಿದಾದ ಮೆಟ್ಟಿಲು ಹತ್ತಿ ಅಜ್ಜಿಗೆ ಏದುಸಿರು ಬಂದು ಗೋಡೆಗೆ ಒರಗಿ ಕೂತುಬಿಟ್ಟಿದ್ದರು. ಮೊಮ್ಮಗ ಓಡಿ ಹೋಗಿ ಗುಮ್ಮಟದ ಆಚೆ ದಡದಲ್ಲಿ, ಹೆಚ್ಚುಕಡಿಮೆ 38 ಮೀಟರ್ ದೂರದಲ್ಲಿ, ಗೋಡೆಗೆ ಬಾಯಿ ಹಚ್ಚಿ ನಿಂತ. ಸುತ್ತ ಹತ್ತಾರು ಮಕ್ಕಳ ಕೂಗು, ಚಪ್ಪಾಳೆ, ಸೀಟಿ. ಒಂದೊಂದು ಸದ್ದೂ ಏಳೆಂಟಾಗಿ ಮರಳುವ ಗದ್ದಲ. ಅದು ಕ್ಷಣ ಇಳಿದ ಹೊತ್ತಿನಲ್ಲಿ ಗೋಡೆ ಹಿಡಿದು ಹುಡುಗನ ಪಿಸುಮಾತು ತೇಲಿ ಬಂತು: 'ಆಯಿ, ಬುತ್ತಿ ಯಾವಾಗ ಬಿಚ್ಚೂದು?' ಅಜ್ಜಿ ಕೂತಲ್ಲಿಂದಲೇ ಗೋಡೆಗೆ ತಿರುಗಿ, 'ಕೆಳಗ ಇಳದ ಮ್ಯಾಲೆ, ಸುಮ್ನಿರೊ ಹಸಿಬುರಕಾ' ಎಂದರು. ಆಚೆ ದಡದಲ್ಲಿ ಹುಡುಗ ಬಿದ್ದು ಬಿದ್ದು ನಕ್ಕ. 1656ರ ಸುಮಾರಿಗೆ ಮುಗಿದ, ಮುಹಮ್ಮದ್ ಆದಿಲ್ ಶಾಹ ಮಲಗಿರುವ ಆ ಭಾರಿ ಕಟ್ಟಡ ಅವತ್ತು ಒಂದು ಮನೆಯ ಅಜ್ಜಿ ಮೊಮ್ಮಗನ ಟೆಲಿಫೋನ್ ಆಗಿತ್ತು. ಕೆಳಗಿಳಿದು ಮರದ ನೆರಳಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಕೈಯಲ್ಲೇ ಗುದ್ದಿ ಒಡೆದ ಉಳ್ಳಾಗಡ್ಡಿ ಹರಡಿಕೊಂಡು ಕೂತರು. ಯಾರಿಗೂ ಅವಸರವಿರಲಿಲ್ಲ. ಕೊನೆಯ ರೊಟ್ಟಿಯ ಅರ್ಧ ತುಂಡಿಗೆ ಜಗಳವೂ ಆಯಿತು.

ಆ ದಿನಕ್ಕೆ ಅವರಿಗೆ ತಗುಲಿದ್ದೆಷ್ಟು? ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಅಜ್ಜಿಗೂ ಸೊಸೆಗೂ ಹೆಣ್ಣುಮಕ್ಕಳಿಗೂ ಬಸ್ಸಿನಲ್ಲಿ ಶೂನ್ಯ ದರದ ಟಿಕೆಟ್. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣವನ್ನು ಉಚಿತಗೊಳಿಸಿದ ಮೇಲೆ ಇಂಥ ಕುಟುಂಬಗಳು ಜಿಲ್ಲೆಯ ಗಡಿ ದಾಟಿ ಹೋಗುವುದು ಸಲೀಸಾಗಿದೆ. ಇದಕ್ಕೆ ನಮ್ಮ ಪಟ್ಟಣಗಳ ಜಗಲಿಕಟ್ಟೆಯಲ್ಲಿ, ಟಿವಿ ಚರ್ಚೆಯಲ್ಲಿ ಕೇಳಿಬಂದ ಮಾತು ನೆನಪಿದೆಯಲ್ಲ: 'ಬಿಟ್ಟಿ ಬಸ್ಸು ಅಂತ ಹೆಂಗಸರೆಲ್ಲ ಕೆಲಸ ಬಿಟ್ಟು ಊರೂರು ತಿರುಗುತ್ತಿದ್ದಾರೆ.' ಬಸ್ಸು ಸಾಲದು, ನೂಕುನುಗ್ಗಲು ಹೆಚ್ಚಿದೆ, ವಿದ್ಯಾರ್ಥಿಗಳಿಗೆ ಸೀಟು ಸಿಗುತ್ತಿಲ್ಲ ಎಂಬ ದೂರು ನ್ಯಾಯವಾದದ್ದು. ಅದಕ್ಕೆ ಇನ್ನಷ್ಟು ಬಸ್ಸು ಬಿಡಬೇಕು. ಆದರೆ 'ತಿರುಗುತ್ತಿದ್ದಾರೆ' ಎಂಬುದೇ ಅಪರಾಧವಾಗಿ ಕಾಣುವುದೇಕೆ?

ಕೇಂದ್ರ ಸರ್ಕಾರಿ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿ ಇದೆ. ಕುಟುಂಬದೊಂದಿಗೆ ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ, ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವುದೇ ಮೂಲೆಗೆ ಹೋಗಿಬರಲು ಸರ್ಕಾರವೇ ಪ್ರಯಾಣದ ಖರ್ಚು ಕೊಡುತ್ತದೆ. ಖಾಸಗಿ ಕಂಪನಿಯ ಸಂಬಳದಾರರಿಗೂ ಪ್ರಯಾಣ ಭತ್ಯೆಗೆ ತೆರಿಗೆ ವಿನಾಯಿತಿ ಪಡೆಯುವ ದಾರಿಯಿದೆ. ದುಡಿಯುವವನಿಗೆ ಕುಟುಂಬದ ಜೊತೆ ತಿರುಗಾಡುವ ಬಿಡುವು ಬೇಕು ಎಂಬ ತತ್ವವನ್ನು ಸರ್ಕಾರ ಒಪ್ಪಿ ದಶಕಗಳೇ ಕಳೆದಿವೆ. ಅದನ್ನು ಯಾರೂ ಬಿಟ್ಟಿ ಎನ್ನಲಿಲ್ಲ, ಎನ್ನಲೂ ಬಾರದು. ಹಾಗಾದರೆ ನಾಲ್ಕು ಮನೆಯ ಪಾತ್ರೆ ತೊಳೆಯುವ ಹೆಂಗಸು ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಒಂದು ದಿನ ಚಾಮುಂಡಿ ಬೆಟ್ಟ ಹತ್ತಿ ಬಂದರೆ ಮಾತ್ರ ನಾಡಿನ ಬೊಕ್ಕಸ ಬರಿದಾಗುತ್ತದೆಯೆ? ಕಾರಿನಲ್ಲಿ ಹೋದರೆ ಪ್ರವಾಸೋದ್ಯಮಕ್ಕೆ ಉತ್ತೇಜನ, ಕೆಂಪು ಬಸ್ಸಿನಲ್ಲಿ ಹೋದರೆ ಸೋಮಾರಿತನ. ಸಾದಾ ತಿರುಗಾಟವನ್ನು ಪ್ರವಾಸವೆಂದು ಒಪ್ಪದವರ ಮನಸ್ಸಿನಲ್ಲಿ ಇರುವುದು ದೂರದ ಅಳತೆ ಎಂದು ನಾನು ನಂಬಲಾರೆ. ಅದು ಅಂತಸ್ತಿನ ಅಳತೆ.

ಇಷ್ಟಕ್ಕೂ ನಮ್ಮ ಊರುಗಳ ಪುಕ್ಕಟೆ ಮತ್ತು ಅಗ್ಗದ ಜಾಗಗಳಿಗೆ ಏನು ಕಡಿಮೆ? ಲಾಲ್‌ಬಾಗು 1760ರಲ್ಲಿ ಹೈದರಾಲಿ ತನಗಾಗಿ ಶುರುಮಾಡಿದ ತೋಟ. ಮೈಸೂರಿನ ಮೃಗಾಲಯ 1892ರಲ್ಲಿ ಅರಸರು ಆರಂಭಿಸಿದ್ದು. ದೊರೆಗಳ ಖಾಸಾ ಆಸ್ತಿಯಾಗಿದ್ದ ನೆರಳಿನಲ್ಲಿ ಇವತ್ತು ಯಾರು ಬೇಕಾದರೂ ಅಡ್ಡಾಡಬಹುದು ಎನ್ನುವುದು ಪ್ರಜಾಪ್ರಭುತ್ವ ನಮಗೆ ಕೊಟ್ಟ ಸಣ್ಣ ಉಡುಗೊರೆಯಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮಕ್ಕಳು ಅದರ ಮೇಲೆ ಜಾರುಬಂಡಿ ಆಡುತ್ತಾರೆ. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು, ಶಿವಮೊಗ್ಗದ ಸಕ್ರೆಬೈಲಿನಲ್ಲಿ ಬೆಳಗ್ಗೆ ತುಂಗೆಯ ನೀರಿಗೆ ಇಳಿಯುವ ಆನೆಗಳು, ಹುಬ್ಬಳ್ಳಿಯ ಉಣಕಲ್ ಕೆರೆ, ಕಲಬುರಗಿಯ ಅಪ್ಪನ ಕೆರೆ, ಚಿತ್ರದುರ್ಗದ ಏಳು ಸುತ್ತಿನ ಕೋಟೆ. ಇದ್ಯಾವುದೂ ಆ ಊರಿನ ಮಕ್ಕಳಿಗೆ ಎರಡನೇ ದರ್ಜೆಯ ಸರಕಲ್ಲ. ದೂರದೂರಿನವರು ಟಿಕೆಟ್ ಕೊಂಡು, ಹೋಟೆಲ್ ಹಿಡಿದು ಇವನ್ನೇ ನೋಡಲು ಬರುತ್ತಾರೆ. ಆ ಊರಿನವರು ಮಾತ್ರ 'ನಮ್ಮೂರಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ನೋಡಬಹುದು' ಎಂದು ಮಕ್ಕಳ ಹತ್ತನೇ ತರಗತಿ ಮುಗಿಯುವವರೆಗೂ ತೋರಿಸಿರುವುದಿಲ್ಲ.

ದೊಡ್ಡ ಪ್ರವಾಸ ಬೇಡ ಎಂದೇನೂ ಅಲ್ಲ. ಕೈಯಲ್ಲಿ ದುಡ್ಡಿದ್ದವರು ಹಿಮಾಲಯವನ್ನು ನೋಡಲಿ, ಸಂತೋಷ. ಆದರೆ ಬೆಳಗ್ಗೆ ಐದಕ್ಕೆ ಎಬ್ಬಿಸಿ, ಒಂದೇ ದಿನ ಏಳು 'ಪಾಯಿಂಟ್' ತೋರಿಸಿ, ಪ್ರತಿ ಪಾಯಿಂಟಿನಲ್ಲೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ 'ನಗು, ನಗು' ಎಂದು ಗದರುವ ಪ್ಯಾಕೇಜ್ ಟೂರಿಗೂ ಶಾಲೆಯ ವೇಳಾಪಟ್ಟಿಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಹತ್ತಿರದ ತಿರುಗಾಟದ ಸೊಗಸೇ ಬೇರೆ. ಕೊಟ್ಟ ದುಡ್ಡು ಕಡಿಮೆಯಾದ್ದರಿಂದ ಅದನ್ನು ವಸೂಲಿ ಮಾಡುವ ಒತ್ತಡವಿಲ್ಲ. ಮಳೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ವಾಪಸ್ ಬರಬಹುದು, ನಷ್ಟವೇನಿಲ್ಲ. ಮಗು 'ಇಲ್ಲೇ ಇರೋಣ' ಎಂದರೆ ಇರಬಹುದು. ಮನೆಯಲ್ಲಿ ಸದಾ 'ಓದು, ಎದ್ದೇಳು, ಮೊಬೈಲ್ ಇಡು' ಎನ್ನುವ ಅಪ್ಪ ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದದ್ದನ್ನು, ದಾರಿ ತಪ್ಪಿ ಯಾರನ್ನೋ ಕೇಳಿದ್ದನ್ನು, ಚೌಕಾಸಿಯಲ್ಲಿ ಸೋತದ್ದನ್ನು ಮಗು ನೋಡುತ್ತದೆ. ವರ್ಷದ ಉಳಿದ ದಿನ ಒಬ್ಬರಿಗೊಬ್ಬರು ಆಜ್ಞೆ ಮತ್ತು ನೆವಗಳಲ್ಲೇ ಮಾತಾಡುವ ಜನ ಒಂದು ಹಗಲು ಸುಮ್ಮನೆ ಜೊತೆಗಿರುತ್ತಾರೆ. ಮೊಬೈಲ್ ಬಿಡಿಸುವುದಕ್ಕೆ ಶಿಬಿರವೇ ಗತಿ ಎನ್ನುವವರು ಇದನ್ನೊಮ್ಮೆ ಪ್ರಯತ್ನಿಸಿ ನೋಡಬೇಕು. ಆದರೆ ಅಪ್ಪನ ಮೊಬೈಲೂ ಜೇಬಿನಲ್ಲೇ ಇರಬೇಕು ಎಂಬುದು ಷರತ್ತು.

ಈ ಚರ್ಚೆಯಲ್ಲಿ ತಲೆ ಹಾಕುವ ಇನ್ನೊಬ್ಬರಿದ್ದಾರೆ. 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಸ್ವಾಮಿ. ತೋಟದ ಮಾವಿನಕಾಯಿ ಕದ್ದು ತಿನ್ನುತ್ತಿದ್ದೆವು, ಬಾವಿಗೆ ಹಾರುತ್ತಿದ್ದೆವು, ಲಗೋರಿ, ಚಿನ್ನಿದಾಂಡು, ಚೌಕಾಬಾರ... ಅದೆಲ್ಲ ಮುಗಿಯಿತು' ಎಂದು ನಿಟ್ಟುಸಿರು ಬಿಡುವವರು. ಇವರನ್ನು ನಮ್ಮ ಕಡೆಯವರೆಂದು ತಿಳಿದರೆ ಮೋಸ ಹೋದಂತೆ. ಸರಳ ಸುಖಗಳೆಲ್ಲ ಸತ್ತುಹೋದವು ಎಂದು ಇವರು ಶ್ರಾದ್ಧ ಮಾಡಿ ಮುಗಿಸುವುದರಿಂದಲೇ ಶಿಬಿರದವರಿಗೆ ಹಾದಿ ಸುಗಮವಾಗಿರುವುದು. ಸತ್ತಿದ್ದರೆ ತಾನೇ ಶ್ರಾದ್ಧ? ಮೇ ಕೊನೆಯ ಭಾನುವಾರ ಯಾವ ಊರಿನ ಕೆರೆ ದಂಡೆಗಾದರೂ ಹೋಗಿ ನೋಡಿ: ಕಾಲಿಡಲು ಜಾಗವಿರುವುದಿಲ್ಲ. ಮಕ್ಕಳಿಗೆ ಕಾಲ ಕೆಟ್ಟಿದೆ ಎಂದು ಗೊತ್ತೇ ಇಲ್ಲ. ಮೇಲಾಗಿ 'ನಮ್ಮ ಕಾಲ'ದ ಆ ಬೇಸಿಗೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಗಂಡುಮಕ್ಕಳು ಬಾವಿಗೆ ಹಾರುತ್ತಿದ್ದಾಗ ಹೆಣ್ಣುಮಕ್ಕಳು ಸಂಡಿಗೆ ಕಾಯುತ್ತಿದ್ದರು. ಮಾವಿನ ತೋಟ ಕೆಲವರದ್ದು, ಕಾವಲು ಕೆಲವರದ್ದು. ಇವತ್ತು ಅಜ್ಜಿ, ಸೊಸೆ, ಮೊಮ್ಮಗಳು ಒಟ್ಟಿಗೆ ಬಸ್ ಹತ್ತಿ ಹೊರಡುವುದು ಆ ಕಾಲಕ್ಕಿಂತ ಮುಂದಿನ ಮಾತು.

ಇವತ್ತಿಗೂ ರಜೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ಹೇಳಿಬಿಡಬೇಕು. ರಜೆ ಎಂದರೆ ಬಿಸಿಯೂಟ ತಪ್ಪುವುದು ಎಂದಷ್ಟೇ ಅರ್ಥವಿರುವ ಮಕ್ಕಳಿದ್ದಾರೆ. 2024ರ ಬರದಲ್ಲಿ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಲು ಸರ್ಕಾರ ತೀರ್ಮಾನಿಸಿದ್ದು ಈ ಕಾರಣಕ್ಕೆ. ತಂದೆತಾಯಿ ಕೂಲಿಗೆ ಹೋದಾಗ ತಮ್ಮ ತಂಗಿಯರನ್ನು ಎತ್ತಿಕೊಂಡು ತಿರುಗುವುದೇ ರಜೆಯಾದ ಹುಡುಗಿಯರಿದ್ದಾರೆ. ಅವರ ಹೆಸರು ಹೇಳಿ 'ನಿಮಗೆ ಪಿಕ್‌ನಿಕ್ ಚಿಂತೆಯೆ?' ಎಂದು ಬಾಯಿ ಮುಚ್ಚಿಸಲು ಬರುವವರಿಗೆ ನನ್ನ ಉತ್ತರ: ಹೌದು, ಅವರಿಗಾಗಿಯೇ ಚಿಂತೆ. ಶಿಬಿರದ ಶುಲ್ಕ ಕಟ್ಟಲಾಗದವರಿಗೆ, ರೆಸಾರ್ಟಿನ ಗೇಟು ದಾಟಲಾಗದವರಿಗೆ ಉಳಿದಿರುವುದು ಸಾರ್ವಜನಿಕ ಜಾಗ ಒಂದೇ. ಆ ಜಾಗ ನೆಟ್ಟಗಿರಬೇಕು. ಉದ್ಯಾನದ ಬಾಗಿಲಲ್ಲಿ 'ಚೆಂಡಾಟ ನಿಷೇಧ, ಹುಲ್ಲಿನ ಮೇಲೆ ಕೂರಬಾರದು' ಎಂಬ ಫಲಕ ಹಾಕುವ ನಗರಸಭೆಗಳು ಅದರ ಬದಲು ಕುಡಿಯುವ ನೀರಿನ ನಲ್ಲಿ ಹಾಕಲಿ, ಹೆಣ್ಣುಮಕ್ಕಳು ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಶೌಚಾಲಯ ಕಟ್ಟಲಿ. ಪ್ರತಿ ಬೇಸಿಗೆಯಲ್ಲೂ ಕೆರೆ, ಕಾಲುವೆ, ಕೃಷಿಹೊಂಡಗಳಲ್ಲಿ ಈಜಲು ಇಳಿದ ಮಕ್ಕಳು ಮುಳುಗಿದ ಸುದ್ದಿ ಓದುತ್ತೇವೆ. ಬೇಲಿ, ಎಚ್ಚರಿಕೆ ಫಲಕ, ಕಾವಲುಗಾರ ಬೇಕಾಗಿರುವುದು ಅಲ್ಲಿ. ಮೇ ತಿಂಗಳ ಭಾನುವಾರಗಳಿಗೆ ನಾಲ್ಕು ಬಸ್ಸು ಹೆಚ್ಚು ಬಿಡಲಿ. ಇದ್ಯಾವುದೂ ಆಕಾಶಕ್ಕೆ ಏಣಿ ಹಾಕುವ ಕೆಲಸವಲ್ಲ.

ಶಾಲೆಗಳಿಗೂ ಒಂದು ಮಾತು. ರಜೆ ಮುಗಿದು ಮೊದಲ ದಿನ ಒಪ್ಪಿಸಬೇಕಾದ ರಾಶಿ ಹೋಂವರ್ಕ್ ಕೊಟ್ಟು ಕಳಿಸಿದರೆ ಕೊನೆಯ ವಾರ ಮನೆಮಂದಿಯೆಲ್ಲ ಕೂತು ಅದನ್ನು ಬರೆದು ಮುಗಿಸುವುದೇ ಆಗುತ್ತದೆ. ಪ್ರಾಜೆಕ್ಟಿನ ಥರ್ಮಾಕೋಲ್ ಮನೆ ಯಾರು ಮಾಡಿದ್ದೆಂದು ಮೇಷ್ಟ್ರಿಗೂ ಗೊತ್ತು, ಅಪ್ಪನಿಗೂ ಗೊತ್ತು. ಈ ನಾಟಕ ನಿಲ್ಲಲಿ.

ಕೊನೆಗೆ ಉಳಿಯುವುದು ನಾವು, ತಂದೆತಾಯಂದಿರು. ಶಿಬಿರದವರು ಮಾರುತ್ತಾರೆ, ಟೂರಿನವರು ಕರೆಯುತ್ತಾರೆ. ಅದು ಅವರ ಹೊಟ್ಟೆಪಾಡು. ಹೆದರುವುದು ನಾವು. ನೋಟ್‌ಬುಕ್ಕಿಗೆ ಖಾಕಿ ಬೈಂಡು ಹಾಕುವುದಕ್ಕೆ, ಸಮವಸ್ತ್ರದ ಅಳತೆ ಕೊಡುವುದಕ್ಕೆ, ಶೂ ಕೊಳ್ಳುವುದಕ್ಕೆ ಎರಡು ಸಂಜೆ ಸಾಕು. ಅದನ್ನು ಎರಡು ವಾರದ ತಯಾರಿಯಾಗಿ ಎಳೆಯುವುದು, ಮಗುವಿನ ಮುಖ ನೋಡಿದಾಗಲೆಲ್ಲ 'ಇನ್ನೆಷ್ಟು ದಿನ ಈ ಆಟ?' ಎಂದು ಕೇಳುವುದು ನಮ್ಮದೇ ಚಾಳಿ. ಶಾಲೆಗೆ ಕಾನೂನು ಕೊಟ್ಟಿರುವ 200 ಇಲ್ಲವೆ 220 ದಿನಗಳನ್ನು ಶಾಲೆ ಪೂರ್ತಿ ತೆಗೆದುಕೊಳ್ಳಲಿ, ಒಂದು ದಿನವೂ ಕಡಿಮೆಯಾಗದಿರಲಿ. ಉಳಿದವಕ್ಕೆ ಕೈಹಾಕಲು ಬರುವವರಿಗೆ, 'ಭಾನುವಾರ ಡೆಮೊ ಕ್ಲಾಸ್ ಇದೆ, ಮಗುವನ್ನು ಕರೆದುಕೊಂಡು ಬನ್ನಿ' ಎಂದು ಫೋನ್ ಮಾಡುವವರಿಗೆ, ಹೇಳಬೇಕಾದದ್ದು ಇಷ್ಟೇ: ಭಾನುವಾರ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ.